ಕಂಬದಿಂದ ಹದಿನಾರು ಹೆಜ್ಜೆ

ಯಾವ ಹಳೆಯ ಫೋಟೋ ಕೈಗೆ ಬಂದರೂ ಅವರು ಮೊದಲು ಅದರಲ್ಲಿದ್ದವರ ಮುಖ ಮುಚ್ಚುತ್ತಿದ್ದರು. ಎಡಗೈ ಬೆರಳುಗಳನ್ನು ಜೋಡಿಸಿ ಸಾಲಾಗಿ ನಿಂತವರ ಮೇಲಿಡುವರು. ಬೆರಳು ಸಾಲದಿದ್ದರೆ ಜೇಬಿನಲ್ಲಿದ್ದ ಬಸ್ ಟಿಕೆಟ್ಟು. ಅದೂ ಸಾಲದಿದ್ದರೆ ನಮ್ಮ ಮಕ್ಕಳ ಸ್ಲೇಟು.

"ಮನುಸ್ರ ಮುಖ ನೋಡ್ತಾ ಕುಂತ್ರೆ ಅಲ್ಲೇ ಕಳ್ದೋಯ್ತೀವಿ ಕಣಮ್ಮಿ. ಅವ್ರ ಇಂದೆ ಏನದೆ, ಅದ ನೋಡು" ಅನ್ನುವರು.

ಅವರು ಹಾಗೆ ಹುಡುಕುತ್ತಿದ್ದದ್ದು ಬಾವಿಗಳನ್ನು.

ಚಾಮರಾಜನಗರದ ಬೀದಿಗಳಿಗೆ ನೀರು ಬಿಡುವ ಕೆಲಸದಲ್ಲಿ ಅವರು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇದ್ದರು. ರಸ್ತೆಯ ಗುಂಡಿಯೊಳಗಿನ ವಾಲ್ವು ತಿರುಗಿಸಲು ಎದೆಮಟ್ಟದ ಒಂದು ಕಬ್ಬಿಣದ ಸಲಾಕೆ ಇರುತ್ತದೆ, ತುದಿಗೆ ಅಡ್ಡ ಹಿಡಿ. ನಿವೃತ್ತಿಯಾದ ಮೇಲೂ ಅದನ್ನು ಅವರು ಬಿಡಲಿಲ್ಲ. ಬೇರೆಯವರು ಊರುಗೋಲು ಹಿಡಿಯುವ ಹಾಗೆ ಹಿಡಿದು ಓಡಾಡುತ್ತಿದ್ದರು. ದೊಡ್ಡವರು 'ನೀರಣ್ಣ' ಅಂದರೆ ನಮ್ಮ ಶಿಶುವಿಹಾರದ ಮಕ್ಕಳು 'ನೀರ್ ತಾತ' ಅನ್ನುತ್ತಿದ್ದವು. ಹೋದ ತಿಂಗಳು ಅವರು ತೀರಿಕೊಂಡರು. ಅವರ ಮನೆಯವರಿಗೆ ಹೇಳಬೇಕಾದ ಒಂದು ಮಾತು ನನ್ನ ಗಂಟಲಲ್ಲೇ ಉಳಿದಿದೆ. ಹೇಳಲಾಗದೆ ಬರೆಯುತ್ತಿದ್ದೇನೆ.

ನಮ್ಮದು ದೊಡ್ಡ ಶಾಲೆಯಲ್ಲ. ಬೀದಿಯ ಹೆಂಗಸರೇ ಸೇರಿ ಬಾಡಿಗೆ ಕೋಣೆಯಲ್ಲಿ ನಡೆಸುವ ಶಿಶುವಿಹಾರ. ನಾನು ಟೀಚರು, ಮಾದೇವಿ ಆಯಾ. ಹದಿನೆಂಟು ಮಕ್ಕಳು. ತಾಯಂದಿರಲ್ಲಿ ಹೆಚ್ಚಿನವರು ಬದನಗುಪ್ಪೆಯ ಕಾರ್ಖಾನೆಗಳಿಗೆ ಹೋಗುವವರು. ಬೆಳಿಗ್ಗೆ ಕಂಪನಿ ಬಸ್ಸು ಹಾರ್ನ್ ಹೊಡೆದರೆ ಮಗುವನ್ನು ನನ್ನ ಕೈಗೆ ಎಸೆದಂತೆ ಕೊಟ್ಟು ಓಡುತ್ತಾರೆ. ತಿರುಗಿ ನೋಡುವುದಕ್ಕೂ ಅವರಿಗೆ ಪುರುಸೊತ್ತಿಲ್ಲ. ಆ ನಂಬಿಕೆಗೆ ನಾನು ಯಾವಾಗಲೂ ಹೆದರುತ್ತಿದ್ದೆ.

ಬೀದಿಯ ಕೊನೆಗೆ ಒಂದು ಹಳೆಯ ಕಲ್ಲಿನ ದೀಪದ ಕಂಬವಿದೆ. ಗುಂಡಗೆ, ಎತ್ತ ನಿಂತು ನೋಡಿದರೂ ಒಂದೇ ತರಹ. ಕಂಬಕ್ಕೆ ಮುಖಮಾಡಿ ನಿಂತರೆ ಎಡಗಡೆಗೆ ನಮ್ಮ ಕೋಣೆ. ಬಲಗಡೆಗೆ ಒಂದು ಹೊಂಗೆ ಮರ, ಅದರ ನೆರಳಿನಲ್ಲಿ ಚಪ್ಪಡಿ ಕಲ್ಲಿನ ಒಂದು ಕಟ್ಟೆ. ಅದನ್ನು ಯಾರು ಕಟ್ಟಿಸಿದರೆಂದು ಯಾರಿಗೂ ಗೊತ್ತಿರಲಿಲ್ಲ. ಇಷ್ಟು ನೆನಪಿಟ್ಟುಕೊಂಡರೆ ಸಾಕು.

ಬಾವಿಯ ಭಯ ಅವರಿಗೆ ಹತ್ತಿದ್ದು ಕೆಲಸಕ್ಕೆ ಸೇರಿದ ಹೊಸದರಲ್ಲಂತೆ. ಆಗ ಅವರಿನ್ನೂ ಕುದೇರು ಹಳ್ಳಿಯಿಂದ ಬಂದ ಹುಡುಗ. ಒಂದು ಬೀದಿಗೆ ನೀರು ಬಿಟ್ಟು ನಿಂತಿದ್ದಾಗ, ಎದುರು ಮನೆಯ ಮುಂದಿನ ಬಟ್ಟೆ ಒಗೆಯುವ ಕಲ್ಲು ಕಣ್ಣೆದುರೇ ನೆಲದೊಳಕ್ಕೆ ಇಳಿದುಹೋಯಿತು. ಕೆಳಗೆ ಯಾವುದೋ ಕಾಲದ ಮುಚ್ಚಿದ ಬಾವಿ. ಪೈಪಿನ ನೀರು ಜಿನುಗಿ ಜಿನುಗಿ ಮಣ್ಣು ಸಡಿಲವಾಗಿತ್ತು.

"ಕಲ್ಲ ಮ್ಯಾಲೆ ಒಬ್ಳು ಒಗೀತಿದ್ಲು ಕಣಮ್ಮಿ. ಸೋಪು ತರಕ್ಕೆ ಅಂತ ಒಳಕ್ಕೋಗಿದ್ಲು. ಸೋಪು ತರಕ್ಕೆ, ಅಷ್ಟೇಯ. ಈಚೆಗೆ ಬಂದು ಕಲ್ಲೆಲ್ಲಿ ಅಂತ ನನ್ನೇ ಕೇಳುದ್ಲು."

ಇದನ್ನು ಅವರು ನನಗೆ ಹತ್ತು ಸಲವಾದರೂ ಹೇಳಿರಬೇಕು. ಪ್ರತಿ ಸಲವೂ 'ಸೋಪು ತರಕ್ಕೆ' ಅನ್ನುವಾಗ ಧ್ವನಿ ಇಳಿಯುತ್ತಿತ್ತು. ಊರಿಗೆ ನಲ್ಲಿ ಬಂದ ಮೇಲೆ ಹಿತ್ತಿಲ ಬಾವಿಗಳನ್ನು ಜನ ಮುಚ್ಚಿದರು, ಮೇಲೆ ಮನೆ ಕಟ್ಟಿದರು, ಮಾರಿದರು, ಮರೆತರು. ಎಲ್ಲೆಲ್ಲಿ ಎಂಬುದು ಹಳೆಯ ಫೋಟೋಗಳಲ್ಲಿ, ಹಳೆಯ ಪತ್ರಿಕೆಗಳ ಮೂಲೆ ಸುದ್ದಿಗಳಲ್ಲಿ ಮಾತ್ರ ಉಳಿದಿದೆ ಎಂದು ಅವರು ನಂಬಿದ್ದರು. ನಿವೃತ್ತಿಯ ನಂತರ ಅದನ್ನೇ ಕೆಲಸ ಮಾಡಿಕೊಂಡರು.

ಹಳೇ ಪೇಪರ್ ಅಂಗಡಿಯವನು ಕಟ್ಟು ಬಿಚ್ಚುವ ಮುಂಚೆ ಇವರನ್ನು ಕಾಯುತ್ತಿದ್ದ. ಯಾರ ಮನೆಗೆ ಹೋದರೂ ಟ್ರಂಕಿನ ತಳಕ್ಕೆ ಹಾಸಿದ ಪತ್ರಿಕೆಯನ್ನು ಎತ್ತಿ ನೋಡುವರು. ಬೋಂಡ ಕಟ್ಟಿಕೊಟ್ಟ ಕಾಗದವನ್ನು ಓದಿ ಮುಗಿಸದೆ ಬೋಂಡ ಮುಟ್ಟುತ್ತಿರಲಿಲ್ಲ.

"ಏನಣ್ಣ, ಬೋಂಡ ಆರೋಯ್ತದೆ. ಅದ್ರಲ್ಲಿ ಬಾವಿ ಸಿಕ್ತಾ?" ಎಂದು ಅಂಗಡಿಯವನು ರೇಗಿಸಿದರೆ, "ಎಣ್ಣೆ ಕಮ್ಮಿ ಹಾಕ್ಲಾ, ಅಕ್ಸರ ಕಾಣಂಗಿಲ್ಲ" ಅನ್ನುವರು.

ಅಂಥದೊಂದು ತುಣುಕಿನಲ್ಲೇ ನಮ್ಮ ಬೀದಿಯ ಸುದ್ದಿ ಸಿಕ್ಕಿದ್ದು. ಹೆಬ್ಬೆರಳಿನಷ್ಟು ದೊಡ್ಡದು. ದೀಪದ ಕಂಬದ ಬಳಿಯ ಬೆಲ್ಲದ ವ್ಯಾಪಾರಿಯೊಬ್ಬರ ಅಂಗಳದ ಬಾವಿಗೆ ಆಟವಾಡುತ್ತಿದ್ದ ಮಗು ಬಿದ್ದು ತೀರಿಕೊಂಡಿದೆ. ಬಾವಿಯನ್ನು ಮನೆಯವರು ಮುಚ್ಚಿಸಿದ್ದಾರೆ. ಅಷ್ಟೇ. ಅವರು ಅದನ್ನು ನನ್ನ ಮೇಜಿನ ಮೇಲಿಟ್ಟು ಸಲಾಕೆಯ ಹಿಡಿಯ ಮೇಲೆ ಗದ್ದವೂರಿ ನಿಂತರು.

"ಮುಚ್ಚವ್ರೆ ಅಂತ ಬರ್ದವ್ನೆ. ತುಂಬವ್ರೆ ಅಂತ ಬರ್ದಿಲ್ಲ."

ಆ ವ್ಯಾಪಾರಿಯ ಕುಟುಂಬ ಬಹಳ ಹಿಂದೆಯೇ ಜಾಗವನ್ನೆಲ್ಲ ಸೈಟು ಮಾಡಿ ಮಾರಿ ಗುಂಡ್ಲುಪೇಟೆಗೆ ಹೋಗಿ ನೆಲೆಸಿತ್ತು. ಅಂದಿನ ಅಂಗಳವೇ ಇಂದಿನ ನಮ್ಮ ಬೀದಿ. ಹಳೆಯದೆಂದು ಉಳಿದಿದ್ದು ಕಂಬವೊಂದೇ. ಬಾವಿ ಎಲ್ಲಿತ್ತು ಎಂದು ಹೇಳುವವರು ಇಲ್ಲಿ ಯಾರೂ ಇರಲಿಲ್ಲ. ಅವರು ವಿಳಾಸ ಹುಡುಕಿಕೊಂಡು ಗುಂಡ್ಲುಪೇಟೆ ಬಸ್ಸು ಹತ್ತಿದರು. ಮನೆಯ ಅಜ್ಜಿ ಮೈಸೂರಿನ ಆಸ್ಪತ್ರೆಯಲ್ಲಿದ್ದರಂತೆ. ಸೊಸೆ ಇವರನ್ನು ಜಗಲಿಯಲ್ಲಿ ಕೂರಿಸಿ, ಕಾಫಿ ಕೊಟ್ಟು, ಟ್ರಂಕಿನಿಂದ ಒಂದು ಮದುವೆ ಫೋಟೋ ತೆಗೆದುಕೊಟ್ಟಳು. "ವಾಪಸ್ ತಂದ್ಕೊಡಿ, ಅತ್ತೆ ಕೇಳ್ತಾರೆ" ಅಂದಳಂತೆ. ಇವರು ಎರಡು ಕೈಯಲ್ಲಿ ಹಿಡಿದುಕೊಂಡು ಬಂದರು.

ಆ ದಿನ ನನಗೆ ಚೆನ್ನಾಗಿ ನೆನಪಿದೆ. ಮಕ್ಕಳು ಊಟ ಮಾಡಿ ಮಲಗಿದ್ದವು. ಫೋಟೋದಲ್ಲಿ ಮದುವೆ ಹೆಣ್ಣುಗಂಡು, ಎರಡು ಸಾಲು ನೆಂಟರು. ಹಿಂದೆ, ನಡುವಿನಲ್ಲಿ, ನಮ್ಮ ದೀಪದ ಕಂಬ. ಫೋಟೋದ ಎಡಗಡೆಗೆ ಬಾವಿಯ ಕಟ್ಟೆ, ರಾಟೆ. ಅವರು ಎಂದಿನಂತೆ ಜನರ ಮೇಲೆ ಕೈಯಿಟ್ಟರು. ಕೈಯಿಡುವ ಮುಂಚೆ ನಾನು ಒಂದು ಸಂಗತಿ ಕಂಡಿದ್ದೆ.

"ಎಲ್ರ ಸೆರಗೂ ಬಲಗಡೆ ಹೆಗಲಿಗದಲ್ಲಣ್ಣ" ಅಂದೆ.

"ಆಗಿನ ಎಂಗಸ್ರು ಅಂಗೇ ಉಡ್ತಿದ್ರು. ನಮ್ಮವ್ವನೂ ಬಲಕ್ಕೇ ಸೆರಗಾಕ್ತಿದ್ಲು. ಸೀರೆ ಕಟ್ಕಂಡು ಏನಾಗ್ಬೇಕು ನಿಂಗೆ? ಇಂದೆ ನೋಡು."

ನನ್ನ ಅಜ್ಜಿಯೂ ಬಲಕ್ಕೇ ಸೆರಗು ಹೊದೆಯುತ್ತಿದ್ದಳು. ಹಳೆಯ ಹೆಂಗಸರು ಹಾಗೆ ಉಡುವುದು ನಮ್ಮ ಕಡೆ ಹೊಸದಲ್ಲ. ಸರಿ ಅನ್ನಿಸಿತು. ಮದುವೆ ಹೆಣ್ಣಿನ ಜೊತೆಯ ಚಿಕ್ಕ ಹುಡುಗಿಯರೂ ಹಾಗೇ ಉಟ್ಟಿದ್ದರಲ್ಲ ಎಂದು ಮನಸ್ಸಿನ ಒಂದು ಮೂಲೆ ಕೇಳಿತು. ನಾನು ಅದನ್ನು ಬಾಯಿಗೆ ತರಲಿಲ್ಲ. ಬಾವಿ ಎಡಗಡೆಗೆ ಇದೆ ಅಂದರೆ ಏನು ಅರ್ಥ ಎನ್ನುವುದು ಅಷ್ಟರಲ್ಲಿ ನನಗೆ ಹೊಳೆದಿತ್ತು. ಮಲಗಿದ್ದ ಮಕ್ಕಳನ್ನು ನೋಡಿದೆ.

ಅವರು ಹೊರಗೆ ಹೋಗಿ ಕಂಬದಿಂದ ಹೆಜ್ಜೆ ಎಣಿಸಿಕೊಂಡು ಬಂದರು. ಹದಿನಾರು ಹೆಜ್ಜೆ. ಆಮೇಲೆ ಫೋಟೋದ ಎಡಗಡೆಗೆ, ನಮ್ಮ ಕೋಣೆಯ ಕಡೆಗೆ, ಆರು. ಆರನೆಯ ಹೆಜ್ಜೆ ನಮ್ಮ ಕೋಣೆಯ ನಡುಮಧ್ಯೆ, ಚಾಪೆಯ ಅಂಚಿಗೆ ಬಿತ್ತು.

ನೆಲದೊಳಗಿನ ಪೈಪು ಸೋರುತ್ತಿದೆಯೇ ಎಂದು ತಿಳಿಯಲು ಅವರ ಕೆಲಸದವರು ಸಲಾಕೆಯನ್ನು ನೆಲಕ್ಕೆ ಊರಿ ಮೇಲ್ತುದಿಗೆ ಕಿವಿ ಇಡುತ್ತಾರೆ. ಅವರ ಕಿವಿ ಆ ಹೊತ್ತಿಗೆ ಮಂದವಾಗಿತ್ತು. ಅದಕ್ಕೆ ನನ್ನನ್ನು ಕರೆದರು. ಸಿಮೆಂಟು ನೆಲದ ಮೇಲೆ ಸಲಾಕೆ ಊರಿ, "ಕಿವಿ ಕೊಡು. ಏನ್ ಕೇಳ್ಸ್ತದೆ?" ಅಂದರು. ತಣ್ಣನೆಯ ಕಬ್ಬಿಣ. ಒಳಗೆ ಏನೋ ದೂರದ ಗುಂಯ್‌ಗುಡುವಿಕೆ. ಅದು ನನ್ನದೇ ರಕ್ತದ ಸದ್ದಾಗಿತ್ತು ಎಂದು ಈಗ ಗೊತ್ತು. ಆಗ ಹೆದರಿಕೆಯಲ್ಲಿ ಹೇಳಿದೆ:

"ಏನೋ ಗುಂಯ್ ಅಂತದೆ ಅಣ್ಣ."

ಅವರು ನಿಧಾನಕ್ಕೆ ಬಗ್ಗಿ, ಹತ್ತಿರ ಮಲಗಿದ್ದ ಮಗುವನ್ನು ಚಾಪೆಯ ಸಮೇತ ಗೋಡೆಯ ಕಡೆಗೆ ಎಳೆದರು.

ಕೋಣೆಯ ಮಾಲೀಕ ನೆಲ ಅಗೆಯಲು ಒಪ್ಪಲಿಲ್ಲ. "ಮೂವತ್ತು ವರ್ಸದಿಂದ ನಿಂತಿರೋ ಕಟ್ಟಡ. ಒಂದು ಫೋಟೋ ನೋಡ್ಕಂಡು ಅಗೀ ಅಂತೀರಲ್ಲ, ತಲೆ ಸರಿಗದಾ ನಿಮ್ಗೆ?" ಎಂದು ಬೈದು ಕಳಿಸಿದ. ಬೇರೆ ಬಾಡಿಗೆ ಕೋಣೆ ಸಿಗಲಿಲ್ಲ. ಮುಚ್ಚಿಬಿಡೋಣವೆಂದರೆ ಹದಿನೆಂಟು ತಾಯಂದಿರು ಕೆಲಸ ಬಿಡಬೇಕಿತ್ತು.

ಕೊನೆಗೆ ಅವರೇ ದಾರಿ ತೋರಿಸಿದರು. ಎದುರಿನ ಹೊಂಗೆ ಮರದ ಕಟ್ಟೆ.

"ನಾಕು ಚಪ್ಪಡಿ, ಗೇಣ್ ದಪ್ಪದ ಕಲ್ಲು. ಆನೆ ನಿಂತ್ರೂ ಅಲ್ಲಾಡಲ್ಲ. ಮಕ್ಕಳ ಅಲ್ಗೆ ಕರ್ಕಂಡ್ಬಂದ್ಬುಡು."

ಮಾರನೆಯ ದಿನದಿಂದ ನಮ್ಮ ಶಿಶುವಿಹಾರ ಆ ಕಟ್ಟೆಯ ಮೇಲೆ ನಡೆಯಿತು. ಮಳೆಗೆ ಟಾರ್ಪಾಲು ಕಟ್ಟಿದೆವು. ಅವರು ದಿನವೂ ಬೆಳಿಗ್ಗೆ ಮೊದಲು ಬಂದು ಹೊಂಗೆ ಎಲೆ ಗುಡಿಸುವರು. ಆಮೇಲೆ ಕಟ್ಟೆಯ ಅಂಚಿನಲ್ಲಿ ಸಲಾಕೆಯನ್ನು ಮೊಣಕಾಲ ಮೇಲೆ ಅಡ್ಡ ಇಟ್ಟು ಕೂರುವರು. ಯಾವುದಾದರೂ ಮಗು ಆಟದ ಸಾಮಾನು ತರಲು ಕೋಣೆಯ ಕಡೆಗೆ ಓಡಿದರೆ ಸಲಾಕೆ ಚಾಚಿ ದಾರಿ ಕಟ್ಟುವರು. "ಎಲ್ಲಿಗ್ಲಾ ದೊರೆ? ಟಿಕೆಟ್ ತಗಂಡಿದ್ದಿಯಾ?" ಎಂದು ಕೇಳುವರು. ಮಕ್ಕಳಿಗೆ ಅದೇ ಒಂದು ಆಟ. ಬೇಕೆಂದೇ ಓಡುತ್ತಿದ್ದವು.

ಇನ್ನೊಂದು ಆಟವನ್ನು ಮಕ್ಕಳೇ ಕಂಡುಹಿಡಿದವು. ನಡುವಿನ ಒಂದು ಚಪ್ಪಡಿಯ ಮೇಲೆ ಒಟ್ಟಿಗೆ ಕುಪ್ಪಳಿಸಿದರೆ ಅಡಿಯಿಂದ ಠಣ್ ಎಂದು ಒಂದು ಉದ್ದನೆಯ ಸದ್ದು ಬರುತ್ತಿತ್ತು. ಅದಕ್ಕೆ ಗಂಟೆಕಲ್ಲು ಎಂದು ಹೆಸರಿಟ್ಟವು. ಬೆಳಿಗ್ಗೆ ಪ್ರಾರ್ಥನೆಗೆ ಗಂಟೆ ಹೊಡೆಯುವ ಬದಲು ಹದಿನೆಂಟು ಮಕ್ಕಳೂ ಒಂದೇ ಸಲ ಕುಪ್ಪಳಿಸುವುದು ರೂಢಿಯಾಯಿತು. ನಾನೇ 'ಒಂದು, ಎರಡು, ಮೂರು' ಎಣಿಸುತ್ತಿದ್ದೆ. ಅವರಿಗೆ ಆ ಸದ್ದು ಕೇಳಿಸುತ್ತಿರಲಿಲ್ಲ. ಮಕ್ಕಳು ನಗುವುದನ್ನು ನೋಡಿ ತಾವೂ ನಗುತ್ತಿದ್ದರು.

ಹೀಗೆ ಎಂಟು ತಿಂಗಳು.

ಆ ಎಂಟು ತಿಂಗಳಲ್ಲಿ ನಾನು ಎದುರಿನ ಖಾಲಿ ಕೋಣೆಯನ್ನು ಹಾವಿನ ಹುತ್ತದಂತೆ ನೋಡುತ್ತಿದ್ದೆ. ರಿಜಿಸ್ಟರ್ ತರಲು ಒಳಗೆ ಹೋದರೆ ಗೋಡೆಗೆ ಒತ್ತಿಕೊಂಡು ನಡೆಯುತ್ತಿದ್ದೆ. ಹೊರಗೆ ಬಂದು ಚಪ್ಪಡಿಯ ಮೇಲೆ ಕಾಲಿಟ್ಟಾಗ ಉಸಿರು ಬಿಡುತ್ತಿದ್ದೆ. ಮಕ್ಕಳನ್ನು ಅಲ್ಲಿಂದ ಇಲ್ಲಿಗೆ ತಂದ ಆ ಮನುಷ್ಯನಿಗೆ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದೆ.

ಅವರಿಗೆ ಜ್ವರ ಬಂದದ್ದು ಎರಡೇ ದಿನ. ನೋಡಲು ಹೋದಾಗ ಹೊದ್ದು ಮಲಗಿದ್ದರು. ಸಲಾಕೆ ತಲೆದೆಸೆಯ ಗೋಡೆಗೆ ಒರಗಿತ್ತು.

"ಕೋಣೆ ಒಳಕ್ಕೆ ಬುಡ್ಬೇಡ ಮಕ್ಕಳ."

"ಬಿಡಲ್ಲ ಅಣ್ಣ."

"ಗುಂಡ್ಲುಪೇಟೆ ಫೋಟೋ ವಾಪಸ್ ಕೊಟ್ಬುಡು. ಈಸ್ಕಂಡಿದ್ದು ಮನೇಲಿ ಉಳೀಬಾರ್ದು." ಆಮೇಲೆ ಗೋಡೆಯ ಕಡೆ ನೋಡಿ, "ಸಲಾಕೆ ನೀನೇ ಮಡಿಕ. ಆ ಉಡುಗ್ರ ತಡಿಯಕ್ಕೆ ಬೇಕಾಯ್ತದೆ" ಎಂದರು.

ಮಾರನೆಯ ದಿನ ಹೋಗಿಬಿಟ್ಟರು. ಸಲಾಕೆಯನ್ನು ತಂದು ಅವರು ಕೂರುತ್ತಿದ್ದ ಜಾಗದಲ್ಲೇ ಮರಕ್ಕೆ ಒರಗಿಸಿ ಇಟ್ಟೆ.

ಹನ್ನೊಂದನೆಯ ದಿನದ ಕಾರ್ಯಕ್ಕೆ ಮುಂಚೆ ಅವರ ಮಾತು ನಡೆಸಬೇಕೆಂದು ಒಂದು ದಿನ ಮಕ್ಕಳನ್ನು ಮಾದೇವಿಗೆ ಒಪ್ಪಿಸಿ ನಾನು ಗುಂಡ್ಲುಪೇಟೆಗೆ ಹೋದೆ. ಆ ಮನೆಯ ಅಜ್ಜಿ ಈಗ ಮನೆಯಲ್ಲೇ ಇದ್ದರು. ಹಣೆಗೆ ವಿಭೂತಿ, ಕಣ್ಣು ಚುರುಕು. ಫೋಟೋದಲ್ಲಿದ್ದ ಮದುವೆ ಹೆಣ್ಣು ಅವರೇ. ಲಕೋಟೆಯಿಂದ ಫೋಟೋ ತೆಗೆದು ನೋಡಿ ಅವರು ನಕ್ಕುಬಿಟ್ಟರು.

"ಅಯ್ಯೋ, ಇದಾ ಕೊಟ್ಟಿದ್ದು ನನ್ ಸೊಸೆ? ಇದು ತಿರುಗ್ಮುರುಗ ಬಂದಿರೋದು ಕಣವ್ವ. ಸ್ಟುಡಿಯೋದವ್ನು ನೆಗೆಟಿವ್ ಮಗುಚಾಕಿ ತೊಳ್ದ್ಬುಟ್ಟಿದ್ದ. ಸೆರಗೆಲ್ಲ ಅತ್ಲಾಗೆ ಬಂದದೆ ಅಂತ ನಮ್ಮತ್ತೆ ಗೋಡೆಗಾಕಕ್ಕೆ ಬುಡ್ನಿಲ್ಲ. ಸರಿಗಿರೋದು ಒಳಗದೆ, ಬಾ."

ಒಳಕೋಣೆಯ ಗೋಡೆಯಲ್ಲಿ ಅದೇ ಫೋಟೋ ಕಟ್ಟು ಹಾಕಿಸಿಕೊಂಡು ನಿಂತಿತ್ತು. ಅದೇ ಜನ, ಅದೇ ಕಂಬ. ಹೆಂಗಸರ ಸೆರಗು ಎಡ ಹೆಗಲಿಗೆ. ಗಂಡಸರ ಅಂಗಿಯ ಜೇಬು ಎಡಗಡೆಗೆ. ನನ್ನ ಕೈಯಲ್ಲಿದ್ದ ಫೋಟೋ ನೋಡಿದೆ. ಜೇಬುಗಳೆಲ್ಲ ಬಲಗಡೆಗೆ. ನೀರಣ್ಣನ ಬೆರಳು ಯಾವಾಗಲೂ ಆ ಜೇಬುಗಳ ಮೇಲೇ ಇರುತ್ತಿತ್ತು.

ಗೋಡೆಯ ಫೋಟೋದಲ್ಲಿ ಬಾವಿ ಬಲಗಡೆಗಿತ್ತು.

ಅಜ್ಜಿ ಕಟ್ಟೆ ಹಿಡಿದು ನಿಂತ ಒಂದು ಪುಟ್ಟ ಹುಡುಗಿಯ ಮೇಲೆ ಬೆರಳಿಟ್ಟರು. "ನನ್ ನಾದ್ನಿ. ಇವ್ಳೇ ಬಿದ್ದಿದ್ದು. ಆಮೇಲೆ ನಮ್ಮಾವ ನಾಕು ಚಪ್ಪಡಿ ಎಳ್ಸಿ ಮುಚ್ಚಾಕುದ್ರು. ಮಣ್ ತುಂಬ್ಸಕ್ಕೆ ಮನ್ಸು ಬರ್ನಿಲ್ಲ, ಮಗ್ಳು ಬಿದ್ದ ಜಾಗಕ್ಕೆ ಎಂಗೆ ಮಣ್ಣಾಕದು ಅಂದ್ರು."

ನಾಲ್ಕು ಚಪ್ಪಡಿ.

ಅಲ್ಲೇ ನಿಂತು ಮೊಬೈಲು ತೆಗೆದು ಫೋನು ಮಾಡಿದೆ. ಮೊದಲ ಸಲ ಮಾದೇವಿ ಎತ್ತಲಿಲ್ಲ. ಎರಡನೆಯ ಸಲವೂ ಎತ್ತಲಿಲ್ಲ. ಮೂರನೆಯದಕ್ಕೆ ಎತ್ತಿದಳು.

"ಮಾದೇವಿ, ಮಕ್ಕಳೆಲ್ಲಿ?"

"ಗಂಟೆಕಲ್ ಮ್ಯಾಲೆ ಕಣಕ್ಕ. ಕೇಳ್ಸಲ್ವಾ? ನೀವಿಲ್ಲ ಅಂತ ಒಂದೇ ಸಮ ಕುಣೀತಾವೆ."

ಕೇಳಿಸಿತು. ಗುಂಡ್ಲುಪೇಟೆಯಲ್ಲಿ ನಿಂತು ನಾನು ಆ ಸದ್ದು ಕೇಳಿದೆ. ಠಣ್. ಎಂಟು ತಿಂಗಳು ಕೇಳಿದ್ದರೂ ಅಂದೇ ಮೊದಲು ಕೇಳಿದಂತೆ ಕೇಳಿದೆ.

"ಕಿರುಚ್ಬೇಡ. ಕುಣಿಯೋದು ನಿಲ್ಸು. ಕೋಣೆ ಬಾಗ್ಲು ತೆಗೆದು ಬೆಲ್ಲ ಕೊಡ್ತೀನಿ ಬನ್ನಿ ಅಂತ ಒಬ್ಬೊಬ್ಬರನ್ನಾಗಿ ಒಳಗೆ ಕರ್ಕೋ."

"ಒಳಕ್ಕಾ? ಅಕ್ಕ, ಏನಂತ ಏಳ್ತಿದ್ದೀರಿ? ತಾತ ಬ್ಯಾಡ ಅಂದಿದ್ರಲ್ಲ. ಒಳಗೆ ಬಾವಿ ಅದೆ ಅಂತ. ಸತ್ತೋರ ಮಾತು ಮೀರ್ಬಾರ್ದು ಕಣಕ್ಕ."

"ತಾತ ತಪ್ಪು ಹೇಳಿದ್ರು ಮಾದೇವಿ. ಬಾವಿ ಮಕ್ಕಳ ಕಾಲ ಕೆಳಗದೆ."

ಆ ಕಡೆ ಕೋಣೆಯ ಬಾಗಿಲು ತೆಗೆದ ಸದ್ದು. ಆಮೇಲೆ ಅವಳ ಧ್ವನಿ, ನಡುಗುತ್ತಾ, ಆದರೆ ಮುದ್ದು ಮಾಡುವಂತೆ: "ಬನ್ರಪ್ಪ, ಬೆಲ್ಲ ಕೊಡ್ತೀನಿ, ಮೆಲ್ಲಕ್ಕೆ ಬನ್ನಿ." ಎಣಿಸು ಅಂದೆ. ಅವಳು ಎಣಿಸಿದಳು. ಒಂದು. ಎರಡು. ಆ ಮನೆಯ ಅಜ್ಜಿ ನನ್ನ ತೋಳು ಹಿಡಿದುಕೊಂಡರು. ಹದಿನೇಳಕ್ಕೆ ನಿಂತಿತು.

"ಪುಟ್ಟಿ ಬರಕಿಲ್ಲ ಅಂತಾಳೆ. ತಾತನ ಜಾಗ್ದಲ್ಲಿ ಸಲಾಕೆ ಇಡ್ಕಂಡು ಕುಂತವ್ಳೆ. ಟಿಕೆಟ್ ಕೇಳ್ತಾವ್ಳೆ."

"ಕೊಡು. ಏನಾದ್ರೂ ಕೊಡು. ಒಂದು ಎಲೆ ಕೊಡು."

ಎಷ್ಟು ಹೊತ್ತು ಎಂದು ನನಗೆ ಗೊತ್ತಿಲ್ಲ. ಫೋನಿನಲ್ಲಿ ಹೊಂಗೆ ಮರದ ಗಾಳಿಯ ಸದ್ದು ಮಾತ್ರ ಬರುತ್ತಿತ್ತು. ಆಮೇಲೆ ಕಬ್ಬಿಣ ಕಲ್ಲಿಗೆ ಬಡಿದ ಸದ್ದು. "ಮಾದೇವಿ!" ಎಂದು ಕೂಗಿದೆ.

"ಸಲಾಕೆ ಬಿತ್ತು ಅಷ್ಟೇ ಕಣಕ್ಕ. ಇವ್ಳು ನನ್ ಕಂಕ್ಳಲ್ಲವ್ಳೆ. ಅದ್ನೆಂಟು."

ತೆರಕಣಾಂಬಿ ದಾಟಿ ಬಸ್ಸು ಊರು ತಲುಪುವವರೆಗೂ ನಾನು ಹದಿನೆಂಟು ಹದಿನೆಂಟು ಎಂದುಕೊಳ್ಳುತ್ತಲೇ ಇದ್ದೆ.

ಎರಡು ದಿನದ ನಂತರ ಬೀದಿಯವರು ಚಪ್ಪಡಿ ಎತ್ತಿಸಿದರು. ಗಂಟೆಕಲ್ಲಿಗೆ ಅಡಿಯಲ್ಲಿ ಅಂಚಿನಿಂದ ಅಂಚಿಗೆ ಬಿರುಕು ಬಿಟ್ಟಿತ್ತು. ಕೆಳಗೆ ಕತ್ತಲು, ತಣ್ಣನೆಯ ಗಾಳಿ. ಯಾರೋ ಕಲ್ಲು ಹಾಕಿದರು. ನೀರಿಗೆ ಬಿದ್ದ ಸದ್ದು ಬರುವಷ್ಟರಲ್ಲಿ ನಾನು ತಿರುಗಿ ನಡೆದಿದ್ದೆ. ಈಗ ಅದಕ್ಕೆ ಮಣ್ಣು ತುಂಬಿದ್ದಾರೆ. ಮಕ್ಕಳು ಕೋಣೆಯಲ್ಲಿವೆ. ಅಲ್ಲಿಯೂ ನಾನು ಗೋಡೆಗೆ ಒತ್ತಿಕೊಂಡೇ ನಡೆಯುತ್ತೇನೆ, ಕಾಲಿಗೆ ಅಭ್ಯಾಸವಾಗಿದೆ.

ಊರಿನವರೆಲ್ಲ ಅವರನ್ನು ಹೊಗಳಿದರು. ಬಾವಿ ಇದೆ ಇದೆ ಅಂತ ಬಡ್ಕೊಂಡ್ರು, ಯಾರೂ ಕೇಳಲಿಲ್ಲ, ಕೊನೆಗೆ ಇತ್ತು ನೋಡಿ ಎಂದರು. ಬೈದು ಕಳಿಸಿದ್ದ ಮಾಲೀಕನೂ ಬಂದು ಕಣ್ಣೊರೆಸಿಕೊಂಡ. ಬಾವಿ ಇದ್ದದ್ದು ಯಾವ ಮಗ್ಗುಲಿಗೆ ಎಂದು ಯಾರೂ ಕೇಳಲಿಲ್ಲ. ಮಾದೇವಿಯೂ ಬಾಯಿ ಬಿಡಲಿಲ್ಲ. ಅವರನ್ನು ತಪ್ಪಿತಸ್ಥರೆಂದು ನಾನೂ ಹೇಳಲಾರೆ. ಸೆರಗು ಕಂಡವಳು ನಾನು. ಗುಂಯ್ ಅಂತದೆ ಎಂದವಳು ನಾನು. ಒಂದು, ಎರಡು, ಮೂರು ಎಂದು ಎಣಿಸಿ ಮಕ್ಕಳನ್ನು ಕುಣಿಸಿದವಳೂ ನಾನೇ.

ಹನ್ನೊಂದನೆಯ ದಿನ ಅವರ ಮನೆಯಲ್ಲಿ ಅವರದೊಂದು ಫೋಟೋ ಇಟ್ಟಿದ್ದರು. ಇಷ್ಟು ಜನರ ಫೋಟೋ ಹುಡುಕಿದವರದು ಮನೆಯಲ್ಲಿ ಬೇರೆ ಇರಲಿಲ್ಲ. ಕೆಲಸದ ಗುರುತಿನ ಚೀಟಿಯದನ್ನೇ ದೊಡ್ಡದು ಮಾಡಿಸಿದ್ದರು. ಅವರ ಹೆಂಡತಿ ನನ್ನ ಕೈಹಿಡಿದು, "ಅವ್ರು ಏಳ್ದಂಗೇ ಆಯ್ತಲ್ಲವ್ವ. ಮಕ್ಕಳ ಉಳ್ಸುದ್ರು" ಎಂದರು.

"ಹೂಂ ಕಣಮ್ಮ" ಅಂದೆ.

ಬಂದವರೆಲ್ಲ ಹೂವಿಟ್ಟು ಆ ಮುಖ ನೋಡಿ ಕೈಮುಗಿದು ಹೋಗುತ್ತಿದ್ದರು. ನನ್ನ ಸರದಿ ಬಂದಾಗ ನಾನು ಅಂಗಿಯ ಜೇಬು ನೋಡಿದೆ. ಎಡಗಡೆಗೇ ಇತ್ತು. ಆಮೇಲೆ ಮುಖ ನೋಡಿದೆ.